ಕ್ರೀಡಾ ಫೆಡರೇಷನ್‌ಗಳಿಗೆ ಅಧಿಕಾರ ಕೊಟ್ಟವರು ಯಾರು?

ಪ್ರಶ್ನೆ: 2023ರ ಸೆಪ್ಟೆಂಬರ್‌ನಲ್ಲಿ ಬೆಲ್‌ಗ್ರೇಡ್‌ನ ವಿಶ್ವ ಕುಸ್ತಿ ಚಾಂಪಿಯನ್‌ಷಿಪ್‌ನಲ್ಲಿ ಅಂತಿಮ್ ಪಂಘಲ್ ಕಂಚು ಗೆದ್ದಾಗ ಅವರು ಭಾರತದ ಧ್ವಜದಡಿ ಆಡುವಂತಿರಲಿಲ್ಲ. ಎರಡು ವಾರದ ನಂತರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅವರೇ ಭಾರತದ ಪರವಾಗಿ ಕಂಚು ಗೆದ್ದರು. ಇದು ಹೇಗೆ ಸಾಧ್ಯವಾಯಿತು? ಅಂತರರಾಷ್ಟ್ರೀಯ ಫೆಡರೇಷನ್‌ಗಳಿಗೆ ಇಂಥ ಅಧಿಕಾರ ಎಲ್ಲಿಂದ ಬಂತು, ಅವು ಪರಸ್ಪರ ಹೇಗೆ ಕೆಲಸ ಮಾಡುತ್ತವೆ, ನಮ್ಮ ಸರ್ಕಾರವಾಗಲಿ ನ್ಯಾಯಾಲಯವಾಗಲಿ ಅವುಗಳನ್ನು ಪ್ರಶ್ನಿಸಲು ಬರುವುದಿಲ್ಲವೇ? — ದಾವಣಗೆರೆಯ ಓದುಗರೊಬ್ಬರು

ಉತ್ತರ: ಬೆಲ್‌ಗ್ರೇಡ್‌ನ ಕೂಟವನ್ನು ನಡೆಸಿದ್ದು ಜಾಗತಿಕ ಕುಸ್ತಿ ಫೆಡರೇಷನ್ ಆದ ಯುನೈಟೆಡ್ ವರ್ಲ್ಡ್ ರೆಸ್ಲಿಂಗ್. ಅದರ ಕೂಟಕ್ಕೆ ಪೈಲ್ವಾನರ ಹೆಸರು ಕಳುಹಿಸಬೇಕಾದದ್ದು ಅದರ ಸದಸ್ಯ ಸಂಸ್ಥೆಯಾದ ಭಾರತ ಕುಸ್ತಿ ಫೆಡರೇಷನ್. ಆದರೆ ಗಡುವಿನೊಳಗೆ ಪದಾಧಿಕಾರಿಗಳ ಚುನಾವಣೆ ನಡೆಸಲಿಲ್ಲವೆಂಬ ಕಾರಣಕ್ಕೆ ಈ ಸಂಸ್ಥೆ ಆಗಸ್ಟ್ ತಿಂಗಳಲ್ಲೇ ಅಮಾನತುಗೊಂಡಿತ್ತು. ಹಾಗಾಗಿ ನಮ್ಮ ಪೈಲ್ವಾನರು ಜಾಗತಿಕ ಫೆಡರೇಷನ್ನಿನ ಧ್ವಜದ ಕೆಳಗೆ ತಟಸ್ಥರಾಗಿ ಅಖಾಡಕ್ಕಿಳಿದರು. ಹಾಂಗ್‌ಝೌ ಕೂಟವಾದರೋ ಏಷ್ಯಾ ಒಲಿಂಪಿಕ್ ಮಂಡಳಿಯದು. ಅಲ್ಲಿಗೆ ತಂಡ ಕಳುಹಿಸುವ ಹಕ್ಕು ಭಾರತ ಒಲಿಂಪಿಕ್ ಸಂಸ್ಥೆಗೆ ಸೇರಿದ್ದು, ಆ ಸಂಸ್ಥೆಯ ಮೇಲೆ ಆಗ ಯಾವ ಅಮಾನತೂ ಇರಲಿಲ್ಲ. ಇನ್ನೊಂದು ಸ್ವಾರಸ್ಯವೆಂದರೆ, ಬೆಲ್‌ಗ್ರೇಡ್‌ನ ಕಂಚಿನಿಂದ ದೊರೆತ ಪ್ಯಾರಿಸ್ ಒಲಿಂಪಿಕ್ಸ್‌ನ 53 ಕೆ.ಜಿ. ವಿಭಾಗದ ಸ್ಥಾನ ಭಾರತಕ್ಕೇ ಸಂದಿತು, ಏಕೆಂದರೆ ಒಲಿಂಪಿಕ್ ಸ್ಥಾನಗಳು ಆಯಾ ದೇಶದ ಒಲಿಂಪಿಕ್ ಸಂಸ್ಥೆಯ ಲೆಕ್ಕಕ್ಕೆ ಹೋಗುತ್ತವೆಯೇ ಹೊರತು ಕುಸ್ತಿ ಫೆಡರೇಷನ್ನಿನ ಲೆಕ್ಕಕ್ಕಲ್ಲ.

ಅಂದರೆ ಒಬ್ಬ ಕ್ರೀಡಾಪಟುವಿನ ತಲೆಯ ಮೇಲೆ ಎರಡು ಬೇರೆ ಬೇರೆ ಅಧಿಕಾರ ಸರಪಳಿಗಳಿವೆ. ಒಂದು ಆಟಕ್ಕೆ ಸಂಬಂಧಿಸಿದ್ದು: ಜಿಲ್ಲಾ ಸಂಸ್ಥೆ, ರಾಜ್ಯ ಸಂಸ್ಥೆ, ರಾಷ್ಟ್ರೀಯ ಫೆಡರೇಷನ್, ಖಂಡದ ಒಕ್ಕೂಟ, ಅದರ ಮೇಲೆ ಅಂತರರಾಷ್ಟ್ರೀಯ ಫೆಡರೇಷನ್. ಇನ್ನೊಂದು ಕೂಟಕ್ಕೆ ಸಂಬಂಧಿಸಿದ್ದು: ರಾಷ್ಟ್ರೀಯ ಒಲಿಂಪಿಕ್ ಸಂಸ್ಥೆ, ಏಷ್ಯಾ ಮಂಡಳಿ, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ. ಒಲಿಂಪಿಕ್ಸ್‌ನಲ್ಲಿ ಇವೆರಡೂ ಸೇರುತ್ತವೆ. ಕೂಟದ ಯಜಮಾನಿಕೆ ಒಲಿಂಪಿಕ್ ಸಮಿತಿಯದಾದರೂ, ಕುಸ್ತಿಯ ಪಟ್ಟುಗಳಿಗೆ ಎಷ್ಟು ಅಂಕ, ರೆಫ್ರಿ ಯಾರು, ಅರ್ಹತೆಯ ದಾರಿ ಯಾವುದು ಎಂಬುದನ್ನೆಲ್ಲ ನಿರ್ಧರಿಸುವುದು ಆಟದ ಫೆಡರೇಷನ್.

ಇಷ್ಟೆಲ್ಲ ಅಧಿಕಾರವುಳ್ಳ ಈ ಸಂಸ್ಥೆಗಳು ಕಾನೂನಿನ ಕಣ್ಣಿನಲ್ಲಿ ಏನು ಎಂದು ಕೇಳಿದರೆ ಉತ್ತರ ಅಚ್ಚರಿ ಹುಟ್ಟಿಸುವಷ್ಟು ಸಾಧಾರಣವಾಗಿದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ಹಾಗೆ ದೇಶ ದೇಶಗಳ ನಡುವಿನ ಒಪ್ಪಂದದಿಂದ ಅವು ಹುಟ್ಟಿಲ್ಲ. ಬಹುಪಾಲು ಫೆಡರೇಷನ್‌ಗಳು ಸ್ವಿಟ್ಜರ್ಲೆಂಡಿನ ನಾಗರಿಕ ಸಂಹಿತೆಯ 60ನೇ ಕಲಮಿನಿಂದ ಆರಂಭವಾಗುವ ಅಧ್ಯಾಯದಡಿ ಸ್ಥಾಪನೆಯಾದ ಖಾಸಗಿ ಸಂಘಗಳು; ಯಾವುದೋ ಊರಿನ ಹಾಡುಗಾರರ ಸಂಘವೋ ಚಾರಣಿಗರ ಕೂಟವೋ ಇದೇ ಕಾನೂನಿನಡಿ ಇರಬಹುದು. ಜಿಮ್ನಾಸ್ಟಿಕ್ಸ್ ಫೆಡರೇಷನ್ 1881ರಲ್ಲಿ ಬೆಲ್ಜಿಯಂನ ಲೀಜ್‌ನಲ್ಲಿ ಹುಟ್ಟಿತು. ಅಂದರೆ 1894ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಒಲಿಂಪಿಕ್ ಸಮಿತಿಗಿಂತ ಅದು ಹಿರಿಯದು. ಫುಟ್‌ಬಾಲ್‌ನ ಫಿಫಾ 1904ರಲ್ಲಿ, ಅಥ್ಲೆಟಿಕ್ಸ್ ಫೆಡರೇಷನ್ 1912ರಲ್ಲಿ, ಹಾಕಿ ಫೆಡರೇಷನ್ 1924ರಲ್ಲಿ ಬಂದವು. ಹಾಕಿಯ ಸಂಸ್ಥೆ ಹುಟ್ಟಿದ್ದೇ 1924ರ ಪ್ಯಾರಿಸ್ ಒಲಿಂಪಿಕ್ಸ್‌ನಿಂದ ಆ ಆಟವನ್ನು ಕೈಬಿಟ್ಟ ಕಾರಣಕ್ಕೆ. ನಾಲ್ಕೇ ವರ್ಷಗಳಲ್ಲಿ ಆಟ ಮರಳಿತು, ಆಮ್‌ಸ್ಟರ್‌ಡಾಂನಲ್ಲಿ ಭಾರತ ತನ್ನ ಮೊದಲ ಹಾಕಿ ಚಿನ್ನ ಗೆದ್ದಿತು. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ಒಲಿಂಪಿಕ್ ಸಮಿತಿ ತಟಸ್ಥ ದೇಶವಾದ ಸ್ವಿಟ್ಜರ್ಲೆಂಡಿನ ಲೂಸಾನ್‌ಗೆ ನೆಲೆ ಬದಲಿಸಿತು. ತೆರಿಗೆ ವಿನಾಯಿತಿಯೂ ಸಡಿಲ ಸಂಘ ಕಾನೂನೂ ಕೈಗೆಟುಕುವಲ್ಲಿದ್ದುದರಿಂದ ಫೆಡರೇಷನ್‌ಗಳು ಒಂದೊಂದಾಗಿ ಅದರ ಬೆನ್ನಿಗೆ ಬಂದವು. ಎಲ್ಲವೂ ಅಲ್ಲಿಲ್ಲ: ವರ್ಲ್ಡ್ ಅಥ್ಲೆಟಿಕ್ಸ್ ಮೊನಾಕೊದಲ್ಲಿದೆ, ಬ್ಯಾಡ್ಮಿಂಟನ್ ಫೆಡರೇಷನ್ ಕ್ವಾಲಾಲಂಪುರದಲ್ಲಿದೆ, ಐಸಿಸಿ 2005ರಿಂದ ದುಬೈನಲ್ಲಿದೆ.

ಒಳಗಿನ ವ್ಯವಸ್ಥೆ ಬಹುಮಟ್ಟಿಗೆ ಒಂದೇ ಬಗೆಯದು. ಸದಸ್ಯ ರಾಷ್ಟ್ರೀಯ ಸಂಸ್ಥೆಗಳ ಮಹಾಸಭೆ, ಅದು ಆರಿಸುವ ಅಧ್ಯಕ್ಷ ಮತ್ತು ಕಾರ್ಯಕಾರಿ ಮಂಡಳಿ, ದಿನದ ಕೆಲಸಕ್ಕೆ ಕಚೇರಿ. ವ್ಯತ್ಯಾಸ ಇರುವುದು ಮತದ ಲೆಕ್ಕದಲ್ಲಿ, ರಾಜಕೀಯವೆಲ್ಲ ಅಲ್ಲಿಯೇ ಅಡಗಿದೆ. ಫಿಫಾದ 211 ಸದಸ್ಯರಲ್ಲಿ ಬ್ರೆಜಿಲ್‌ಗೂ ಒಂದೇ ಮತ, ಭೂತಾನಕ್ಕೂ ಒಂದೇ ಮತ; ಹಾಗಾಗಿ ಚುನಾವಣೆ ಗೆಲ್ಲಬೇಕೆಂದವರು ಸಣ್ಣ ದೇಶಗಳ ಮೈದಾನಗಳಿಗೆ ಅನುದಾನದ ಭರವಸೆ ಕೊಡುತ್ತಾರೆ. ಟೆನಿಸ್ ಫೆಡರೇಷನ್ನಿನಲ್ಲಿ ದೇಶದ ಸ್ಥಾನಮಾನ ನೋಡಿ ಒಂದರಿಂದ ಹನ್ನೆರಡರವರೆಗೆ ಮತ ಹಂಚಿದ್ದಾರೆ. ಇವೆಲ್ಲಕ್ಕಿಂತ ವಿಚಿತ್ರವಾದದ್ದು ಫುಟ್‌ಬಾಲ್ ನಿಯಮಗಳನ್ನು ಬರೆಯುವ ಮಂಡಳಿ. 1886ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ಸಂಸ್ಥೆಗಳು ಕಟ್ಟಿಕೊಂಡ ಆ ಮಂಡಳಿಗೆ ಫಿಫಾ ಬಂದು ಸೇರಿದ್ದು 1913ರಲ್ಲಿ. ಈಗಲೂ ಅಲ್ಲಿರುವುದು ಎಂಟೇ ಮತ. ನಾಲ್ಕು ಬ್ರಿಟಿಷ್ ಸಂಸ್ಥೆಗಳಿಗೆ ತಲಾ ಒಂದು, ಉಳಿದ ಇಡೀ ಜಗತ್ತಿನ ಪರವಾಗಿ ಫಿಫಾಕ್ಕೆ ನಾಲ್ಕು. ನಿಯಮ ಬದಲಿಸಲು ಆರು ಮತ ಬೇಕು. ಆಫ್‌ಸೈಡ್ ನಿಯಮದ ಒಂದು ಪದ ಬದಲಾಗಬೇಕಾದರೂ ಕನಿಷ್ಠ ಇಬ್ಬರು ಬ್ರಿಟಿಷರು ಒಪ್ಪಬೇಕು. ಇದನ್ನು ಇಂದು ಹೊಸದಾಗಿ ಯಾರಾದರೂ ಪ್ರಸ್ತಾಪಿಸಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು.

ಪೊಲೀಸರಿಲ್ಲ, ಕಾಯ್ದೆಯ ಬಲವಿಲ್ಲ. ಹಾಗಾದರೆ ಎಲ್ಲರೂ ಇವುಗಳ ಮಾತು ಕೇಳುವುದೇಕೆ? ಒಂದು ಆಟಕ್ಕೆ ಒಂದೇ ಜಾಗತಿಕ ಸಂಸ್ಥೆ, ಒಂದು ದೇಶಕ್ಕೆ ಒಂದೇ ಸದಸ್ಯ ಸಂಸ್ಥೆ ಎಂಬ ಏಕಸ್ವಾಮ್ಯವೇ ಅವುಗಳ ಬಂಡವಾಳ. ಮಾನ್ಯತೆಯುಳ್ಳ ಸಂಸ್ಥೆ ನಡೆಸಿದ ಅಥವಾ ಒಪ್ಪಿದ ಕೂಟದ ಫಲಿತಾಂಶಕ್ಕೆ ಮಾತ್ರ ಬೆಲೆ. 2025ರ ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ನೀರಜ್ ಚೋಪ್ರಾ ಕ್ಲಾಸಿಕ್ ಜಾವೆಲಿನ್ ಕೂಟವನ್ನೇ ನೋಡಿ. ಮೊದಲು ಅದು ನಡೆಯಬೇಕಿದ್ದದ್ದು ಹರಿಯಾಣದ ಪಂಚಕುಲಾದಲ್ಲಿ. ಅಲ್ಲಿಯ ಹೊನಲು ಬೆಳಕಿನ ವ್ಯವಸ್ಥೆ ಸಾಲದೆಂದು ಕೂಟ ಬೆಂಗಳೂರಿಗೆ ಬಂತು. ನೀರಜ್ 86.18 ಮೀಟರ್ ಎಸೆದು ಗೆದ್ದರು. ಆ ಎಸೆತ ವಿಶ್ವ ರ‍್ಯಾಂಕಿಂಗ್ ಲೆಕ್ಕಕ್ಕೆ ಬರಬೇಕಾದರೆ ಕೂಟ ವರ್ಲ್ಡ್ ಅಥ್ಲೆಟಿಕ್ಸ್‌ನ ವೇಳಾಪಟ್ಟಿಯಲ್ಲಿ ಇರಬೇಕು, ಭಾರತ ಅಥ್ಲೆಟಿಕ್ಸ್ ಫೆಡರೇಷನ್ ಅದರ ಜೊತೆ ನಿಲ್ಲಬೇಕು, ಅಧಿಕೃತ ತೀರ್ಪುಗಾರರು ಅಳತೆ ಮಾಡಬೇಕು, ಉದ್ದೀಪನ ಮದ್ದು ಪರೀಕ್ಷೆ ನಡೆಯಬೇಕು. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಆಟಗಾರನಿಗೆ ಚಪ್ಪಾಳೆ ಸಿಗುತ್ತದೆ, ಅಂಕ ಸಿಗುವುದಿಲ್ಲ.

ಮಾನ್ಯತೆ ಇಲ್ಲದೆ ಆಡಿಸಿದರೆ ಏನಾಗುತ್ತದೆ ಎಂಬುದನ್ನೂ ಬೆಂಗಳೂರು ಕಂಡಿದೆ. 2012ರಲ್ಲಿ ಹಳೆಯ ಭಾರತೀಯ ಹಾಕಿ ಫೆಡರೇಷನ್ ಖಾಸಗಿ ಕಂಪನಿಯೊಂದರ ಜೊತೆ ಸೇರಿ ವಿಶ್ವ ಹಾಕಿ ಸರಣಿಯನ್ನು ನಡೆಸಿತು. ಕರ್ನಾಟಕ ಲಯನ್ಸ್ ಎಂಬ ತಂಡವೂ ಅದರಲ್ಲಿತ್ತು. ಆದರೆ ಅಷ್ಟು ಹೊತ್ತಿಗೆ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ನಿನ ಮಾನ್ಯತೆ ಹಾಕಿ ಇಂಡಿಯಾ ಎಂಬ ಹೊಸ ಸಂಸ್ಥೆಯ ಕಡೆಗಿತ್ತು. ಮಾನ್ಯತೆಯಿಲ್ಲದ ಕೂಟದಲ್ಲಿ ಆಡಿದವರು ರಾಷ್ಟ್ರೀಯ ತಂಡದ ಬಾಗಿಲು ಮುಚ್ಚೀತೆಂಬ ಆತಂಕದಲ್ಲೇ ಆಡಬೇಕಾಯಿತು. ಕೆಲವು ಆಟಗಾರರು ಭಾರತೀಯ ಸ್ಪರ್ಧಾ ಆಯೋಗದ ಮೊರೆ ಹೋದರು. ಆಯೋಗ 2013ರಲ್ಲಿ ಹಾಕಿ ಇಂಡಿಯಾದ ನಡೆ ಕಾನೂನು ಮೀರಿದ್ದಲ್ಲ ಎಂದಿತು. ಸರಣಿಗೆ ಎರಡನೇ ವರ್ಷ ಬರಲೇ ಇಲ್ಲ.

ಅಮಾನತಿನ ಅಸ್ತ್ರ ಎಷ್ಟು ಹರಿತ ಎಂಬುದಕ್ಕೆ 2022ರ ಆಗಸ್ಟ್ ಸಾಕು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಆಡಳಿತವನ್ನು ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ ನೋಡಿಕೊಳ್ಳುತ್ತಿತ್ತು. ಇದು ಮೂರನೆಯವರ ಹಸ್ತಕ್ಷೇಪ ಎಂದು ಫಿಫಾ ಭಾರತವನ್ನು ಅಮಾನತು ಮಾಡಿತು. ಆ ಹೊತ್ತಿಗೆ ಗೋಕುಲಂ ಕೇರಳ ಮಹಿಳಾ ತಂಡ ಏಷ್ಯಾ ಕ್ಲಬ್ ಚಾಂಪಿಯನ್‌ಷಿಪ್ ಆಡಲು ತಾಷ್ಕೆಂಟ್ ತಲುಪಿಯಾಗಿತ್ತು. ಹೋಟೆಲಿನಲ್ಲಿದ್ದ ಆಟಗಾರ್ತಿಯರು ಮೈದಾನಕ್ಕಿಳಿಯದೆ ವಾಪಸಾದರು. ಅಕ್ಟೋಬರ್‌ನಲ್ಲಿ ಭಾರತದಲ್ಲೇ ನಡೆಯಬೇಕಿದ್ದ 17 ವರ್ಷದೊಳಗಿನ ಮಹಿಳೆಯರ ವಿಶ್ವಕಪ್ ಕೈತಪ್ಪುವ ಸ್ಥಿತಿ ಬಂತು. ಒಂದೇ ವಾರದಲ್ಲಿ ನ್ಯಾಯಾಲಯ ಆ ಸಮಿತಿಯನ್ನು ಹಿಂತೆಗೆದುಕೊಂಡಿತು, ಆಗಸ್ಟ್ 26ಕ್ಕೆ ಅಮಾನತು ತೆರವಾಯಿತು. ಶಿಕ್ಷೆ ಆಡಳಿತಗಾರರಿಗೆಂದು ಹೇಳುತ್ತಾರೆ, ಆದರೆ ಅದರ ಪೆಟ್ಟು ಬೀಳುವುದು ಮೊದಲು ಆಟಗಾರರ ಮೇಲೆ. ಕುಸ್ತಿಯಲ್ಲಿ ತಟಸ್ಥ ಧ್ವಜದ ದಾರಿಯನ್ನಾದರೂ ಬಿಟ್ಟಿದ್ದರು. ತಂಡದ ಆಟಗಳಲ್ಲಿ ಅದೂ ಇಲ್ಲ.

ಈ ಏಕಸ್ವಾಮ್ಯ ಒಡೆದಾಗ ಏನಾಗುತ್ತದೆ ಎಂಬುದನ್ನು ಗಮನಿಸಿದರೆ ವ್ಯವಸ್ಥೆಯ ನಟ್ಟು ಬೋಲ್ಟು ಚೆನ್ನಾಗಿ ಕಾಣುತ್ತವೆ. ಪ್ರಕಾಶ್ ಪಡುಕೋಣೆ 1980ರಲ್ಲಿ ಲೀಮ್ ಸ್ವೀ ಕಿಂಗ್ ಅವರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದದ್ದು ನಮಗೆಲ್ಲ ಗೊತ್ತು. ಆ ವರ್ಷದ ಪಂದ್ಯಪಟ್ಟಿಯಲ್ಲಿ ಚೀನಾದವರು ಒಬ್ಬರೂ ಇರಲಿಲ್ಲ ಎಂಬುದು ಹೆಚ್ಚು ಮಂದಿಗೆ ನೆನಪಿಲ್ಲ. ಚೀನಾವನ್ನು ಸೇರಿಸಿಕೊಂಡು ತೈವಾನನ್ನು ಕೈಬಿಡಬೇಕೇ, ಹಳೆಯ ದೇಶಗಳಿಗೆ ಹೆಚ್ಚು ಮತ ಏಕೆ ಎಂಬ ಜಗಳದಲ್ಲಿ ಏಷ್ಯಾ ಮತ್ತು ಆಫ್ರಿಕಾದ ಹಲವು ದೇಶಗಳು 1934ರ ಮೂಲ ಫೆಡರೇಷನ್ನಿಗೆ ಬೆನ್ನು ತಿರುಗಿಸಿ, 1978ರ ಫೆಬ್ರುವರಿಯಲ್ಲಿ ಹಾಂಗ್‌ಕಾಂಗ್‌ನಲ್ಲಿ ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್ ಎಂಬ ಎದುರಾಳಿ ಸಂಸ್ಥೆಯನ್ನು ಹುಟ್ಟುಹಾಕಿದವು. ಮೂರು ವರ್ಷ ಎರಡು ಸಂಸ್ಥೆಗಳು ತಮ್ಮ ತಮ್ಮ ವಿಶ್ವ ಚಾಂಪಿಯನ್‌ಗಳನ್ನು ಆರಿಸಿಕೊಂಡವು. ಎರಡು ಯಜಮಾನರಿರುವ ಆಟಕ್ಕೆ ಒಲಿಂಪಿಕ್ಸ್ ಬಾಗಿಲು ತೆರೆಯುವುದಿಲ್ಲ ಎಂಬುದು ಇಬ್ಬರಿಗೂ ತಿಳಿದಿತ್ತು. 1981ರ ಮೇ ತಿಂಗಳಲ್ಲಿ ಒಂದಾದರು. ಅದೇ ವರ್ಷ ಕ್ವಾಲಾಲಂಪುರದ ವಿಶ್ವಕಪ್‌ನಲ್ಲಿ ಪ್ರಕಾಶ್ ಚೀನಾದ ಹಾನ್ ಜಿಯಾನ್ ಅವರನ್ನು ಸೋಲಿಸಿ ಪ್ರಶಸ್ತಿ ಗೆದ್ದರು. ಅಂಥ ಪಂದ್ಯ ನಡೆಯಲು ಸಾಧ್ಯವಾದದ್ದು ಆ ರಾಜಿಯಿಂದ. 1985ರಲ್ಲಿ ಒಲಿಂಪಿಕ್ ಸಮಿತಿ ಒಪ್ಪಿತು, 1992ರಲ್ಲಿ ಬಾರ್ಸಿಲೋನಾದಲ್ಲಿ ಬ್ಯಾಡ್ಮಿಂಟನ್ ಪದಕದ ಆಟವಾಯಿತು.

ಬಾಕ್ಸಿಂಗ್‌ನದು ಇದಕ್ಕಿಂತ ಕಹಿ ಕಥೆ. ಹಣಕಾಸು, ತೀರ್ಪುಗಾರಿಕೆ, ಆಡಳಿತ ಮೂರರಲ್ಲೂ ಲೋಪವಿದೆಯೆಂದು ಒಲಿಂಪಿಕ್ ಸಮಿತಿ 2019ರಲ್ಲಿ ಅಂತರರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆಯ ಮಾನ್ಯತೆಯನ್ನು ತಡೆಹಿಡಿಯಿತು, 2023ರ ಜೂನ್‌ನಲ್ಲಿ ರದ್ದೇ ಮಾಡಿತು. ಹಾಗಾದರೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬಾಕ್ಸಿಂಗ್ ನಡೆಸಿದವರು ಯಾರು? ಒಲಿಂಪಿಕ್ ಸಮಿತಿ ನೇಮಿಸಿದ ಕಾರ್ಯಪಡೆ. ಅದರ ಮುಖ್ಯಸ್ಥರು ಜಿಮ್ನಾಸ್ಟಿಕ್ಸ್ ಫೆಡರೇಷನ್ನಿನ ಅಧ್ಯಕ್ಷರಾದ ಮೊರಿನಾರಿ ವತಾನಬೆ. ಒಂದು ಆಟದ ಅಧ್ಯಕ್ಷರು ಇನ್ನೊಂದು ಆಟದ ಅಖಾಡವನ್ನು ಕಾಯಬೇಕಾಗಿ ಬಂದ ಪ್ರಸಂಗ ಅದು. ಈ ನಡುವೆ 2023ರ ಏಪ್ರಿಲ್‌ನಲ್ಲಿ ವರ್ಲ್ಡ್ ಬಾಕ್ಸಿಂಗ್ ಎಂಬ ಹೊಸ ಸಂಸ್ಥೆ ಹುಟ್ಟಿತು, ಮರುವರ್ಷ ಭಾರತವೂ ಅದನ್ನು ಸೇರಿತು. 2025ರ ಫೆಬ್ರುವರಿಯಲ್ಲಿ ಅದಕ್ಕೆ ತಾತ್ಕಾಲಿಕ ಮಾನ್ಯತೆ ಸಿಕ್ಕಿತು, ಮಾರ್ಚ್‌ನಲ್ಲಿ 2028ರ ಲಾಸ್ ಏಂಜಲೀಸ್ ಪಟ್ಟಿಗೆ ಬಾಕ್ಸಿಂಗ್ ಮರಳಿತು. ಹಳೆಯ ಸಂಸ್ಥೆ ಇನ್ನೂ ಇದೆ, ಹಣವೂ ಇದೆ, ಕೂಟಗಳನ್ನೂ ನಡೆಸುತ್ತದೆ. ಒಲಿಂಪಿಕ್ಸ್‌ನ ದಾರಿ ಮಾತ್ರ ಅದರ ಕೈಯಲ್ಲಿಲ್ಲ.

ಇನ್ನು ಫೆಡರೇಷನ್‌ಗಳು ತಮ್ಮತಮ್ಮಲ್ಲಿ ಹೇಗೆ ಕೂಡುತ್ತವೆ ಎಂಬ ಪ್ರಶ್ನೆ. 1967ರಲ್ಲಿ ಅವು ಲೂಸಾನ್‌ನಲ್ಲಿ ಸೇರಿ ಎಲ್ಲ ಆಟಗಳಿಗೂ ಒಂದು ಮಹಾಒಕ್ಕೂಟ ಕಟ್ಟಿಕೊಂಡವು. ರೋಯಿಂಗ್ ಫೆಡರೇಷನ್ನಿನ ಥಾಮಸ್ ಕೆಲ್ಲರ್ ಅದರ ಅಧ್ಯಕ್ಷರಾಗಿದ್ದ ವರ್ಷಗಳಲ್ಲಿ ಆ ಒಕ್ಕೂಟ ಒಲಿಂಪಿಕ್ ಸಮಿತಿಯ ಮುಂದೆ ಸರಿಸಮನಾಗಿ ಕೂತು ಮಾತನಾಡುವಷ್ಟು ಬಲಿತಿತ್ತು. ಸಮರಾಂಚ್ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾದ ಬಳಿಕ, 1983ರಲ್ಲಿ, ಬೇಸಿಗೆ ಒಲಿಂಪಿಕ್ಸ್‌ನ ಆಟಗಳಿಗೆಂದೇ ಬೇರೆ ಒಕ್ಕೂಟ ಹುಟ್ಟಿತು, ಅಥ್ಲೆಟಿಕ್ಸ್‌ನ ಪ್ರಿಮೊ ನೆಬಿಯೊಲೊ ಅದರ ಮೊದಲ ಅಧ್ಯಕ್ಷರಾದರು. ಚಳಿಗಾಲದ ಆಟಗಳಿಗೊಂದು, ಮಾನ್ಯತೆ ಪಡೆದೂ ಒಲಿಂಪಿಕ್ಸ್‌ನಲ್ಲಿಲ್ಲದ ಆಟಗಳಿಗೊಂದು ಹೀಗೆ ಮನೆ ಹಲವಾಯಿತು. ಟಿವಿ ಹಕ್ಕಿನ ಹಣ ಹರಿಯುವುದು ಒಲಿಂಪಿಕ್ ಸಮಿತಿಯ ಮೂಲಕವಾದ್ದರಿಂದ ದೊಡ್ಡ ಆಟಗಳಿಗೆ ಆ ಕಡೆ ಇರುವುದೇ ಲಾಭವಾಗಿತ್ತು. 2015ರ ಏಪ್ರಿಲ್‌ನಲ್ಲಿ ಸೋಚಿಯಲ್ಲಿ ನಡೆದ ಸಮಾವೇಶದಲ್ಲಿ ಮಹಾಒಕ್ಕೂಟದ ಆಗಿನ ಅಧ್ಯಕ್ಷ, ಜೂಡೊ ಫೆಡರೇಷನ್ನಿನ ಮಾರಿಯಸ್ ವೈಜರ್, ವೇದಿಕೆಯಿಂದಲೇ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಥಾಮಸ್ ಬಾಕ್ ಅವರ ಸಮ್ಮುಖದಲ್ಲಿ ಸಮಿತಿಯ ಕಾರ್ಯವೈಖರಿಯನ್ನು ಕಟುವಾಗಿ ಟೀಕಿಸಿದರು. ಫೆಡರೇಷನ್‌ಗಳು ತಮ್ಮ ಪರ ನಿಲ್ಲುತ್ತವೆ ಎಂದು ಅವರು ಎಣಿಸಿರಬಹುದು. ನಡೆದದ್ದು ತದ್ವಿರುದ್ಧ: ಅಥ್ಲೆಟಿಕ್ಸ್ ಮೊದಲ್ಗೊಂಡು ಒಂದರ ಹಿಂದೆ ಒಂದು ಹೊರನಡೆದವು, ಮೇ ಮುಗಿಯುವ ಹೊತ್ತಿಗೆ ವೈಜರ್ ರಾಜೀನಾಮೆ ಕೊಟ್ಟರು. 2022ರಲ್ಲಿ ಆ ಮಹಾಒಕ್ಕೂಟವನ್ನೇ ವಿಸರ್ಜಿಸಲು ಸದಸ್ಯರು ಒಪ್ಪಿದರು.

ಹಣದ ವಿಚಾರಕ್ಕೆ ಬಂದರೆ, ಲಂಡನ್ ಒಲಿಂಪಿಕ್ಸ್‌ನ ಆದಾಯದಿಂದ ಬೇಸಿಗೆ ಫೆಡರೇಷನ್‌ಗಳಿಗೆ ಸುಮಾರು 52 ಕೋಟಿ ಡಾಲರ್, ರಿಯೊದಿಂದ 54 ಕೋಟಿ ಡಾಲರ್ ಸಿಕ್ಕಿತು. ಇದನ್ನು ಸಮನಾಗಿ ಹಂಚುವುದಿಲ್ಲ. ಆಟಗಳನ್ನು ದರ್ಜೆಗಳಾಗಿ ವಿಂಗಡಿಸಿದ್ದಾರೆ. 2013ರ ವಿಂಗಡಣೆಯಲ್ಲಿ ಅಥ್ಲೆಟಿಕ್ಸ್, ಈಜು, ಜಿಮ್ನಾಸ್ಟಿಕ್ಸ್ ಮೇಲಿನ ದರ್ಜೆಯಲ್ಲಿದ್ದವು, ಹಾಕಿ ಮತ್ತು ಕುಸ್ತಿ ಕೆಳಗಿನಿಂದ ಎರಡನೆಯದರಲ್ಲಿ. ಫಿಫಾದಂಥ ಶ್ರೀಮಂತ ಸಂಸ್ಥೆಗೆ ಈ ಪಾಲು ಕೈಖರ್ಚಿನ ಹಣ. ಎಷ್ಟೋ ಸಣ್ಣ ಫೆಡರೇಷನ್‌ಗಳಿಗೆ ನಾಲ್ಕು ವರ್ಷದ ಸಂಸಾರವೇ ಅದರ ಮೇಲೆ ನಿಂತಿದೆ. 2024ರ ಏಪ್ರಿಲ್‌ನಲ್ಲಿ ವರ್ಲ್ಡ್ ಅಥ್ಲೆಟಿಕ್ಸ್ ತನ್ನ ಪಾಲಿನಿಂದ ಪ್ಯಾರಿಸ್‌ನ ಪ್ರತಿ ಚಿನ್ನಕ್ಕೆ 50,000 ಡಾಲರ್ ಬಹುಮಾನ ಘೋಷಿಸಿದಾಗ, ತಮ್ಮೊಡನೆ ಸಮಾಲೋಚಿಸದೆ ಹೀಗೆ ಮಾಡಬಾರದಿತ್ತು ಎಂದು ಬೇಸಿಗೆ ಆಟಗಳ ಒಕ್ಕೂಟ ಬಹಿರಂಗವಾಗಿ ಆಕ್ಷೇಪಿಸಿತು. ನನ್ನ ಮಟ್ಟಿಗೆ ಆ ಆಕ್ಷೇಪಕ್ಕೆ ತೂಕವಿರಲಿಲ್ಲ; ಓಡಿದವರ ಕೈಗೆ ಹಣ ಹೋಗುವುದನ್ನು ತಪ್ಪೆನ್ನುವುದು ಕಷ್ಟ. ಆದರೆ ಅಷ್ಟು ಕೊಡಲಾಗದ ಫೆಡರೇಷನ್‌ಗಳ ಮುಜುಗರವೂ ಅರ್ಥವಾಗುವಂಥದೇ.

ಫೆಡರೇಷನ್‌ಗಳು ನಿಜಕ್ಕೂ ಒಟ್ಟಾಗಿ ಕಟ್ಟಿರುವುದು ಎರಡು ವ್ಯವಸ್ಥೆಗಳನ್ನು. 1999ರಲ್ಲಿ ಸ್ಥಾಪನೆಯಾದ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, ಅರ್ಧ ಒಲಿಂಪಿಕ್ ಬಳಗದ ಹಣದಲ್ಲಿ, ಅರ್ಧ ಸರ್ಕಾರಗಳ ಹಣದಲ್ಲಿ ನಡೆಯುತ್ತದೆ. ಅದರ ಸಂಹಿತೆಗೆ ಸಹಿ ಹಾಕಿದ ಒಂದು ಆಟದಲ್ಲಿ ನಿಷೇಧಕ್ಕೊಳಗಾದವರು ಸಹಿ ಹಾಕಿದ ಬೇರೆ ಯಾವ ಆಟದಲ್ಲೂ ಆಡುವಂತಿಲ್ಲ. ನಮ್ಮ ಕ್ರಿಕೆಟ್ ಮಂಡಳಿ ವರ್ಷಗಟ್ಟಲೆ ಇದರಿಂದ ದೂರ ನಿಂತು, 2019ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಮದ್ದು ತಡೆ ಸಂಸ್ಥೆಯ ಪರೀಕ್ಷೆಗೆ ಒಪ್ಪಿತು. ಎರಡನೆಯದು 1984ರಲ್ಲಿ ಲೂಸಾನ್‌ನಲ್ಲಿ ಆರಂಭವಾದ ಕ್ರೀಡಾ ನ್ಯಾಯ ಮಂಡಳಿ. ಮೊದಲು ಅದು ಒಲಿಂಪಿಕ್ ಸಮಿತಿಯ ನೆರಳಿನಲ್ಲೇ ಇತ್ತು. ಸ್ವಿಟ್ಜರ್ಲೆಂಡಿನ ಸರ್ವೋಚ್ಚ ನ್ಯಾಯಾಲಯ ಆ ಹತ್ತಿರದ ನಂಟಿನತ್ತ ಬೆರಳು ತೋರಿದ ಮೇಲೆ 1994ರಲ್ಲಿ ಪ್ರತ್ಯೇಕ ಮೇಲಾಡಳಿತ ರಚಿಸಿದರು. ಒಡಿಶಾದ ಓಟಗಾರ್ತಿ ದ್ಯುತಿ ಚಂದ್, ದೇಹದ ಸಹಜ ಹಾರ್ಮೋನ್ ಮಟ್ಟದ ಕಾರಣಕ್ಕೆ 2014ರಲ್ಲಿ ತಮ್ಮನ್ನು ಹೊರಗಿಟ್ಟ ಅಥ್ಲೆಟಿಕ್ಸ್ ಫೆಡರೇಷನ್ನಿನ ನಿಯಮವನ್ನು ಅಲ್ಲಿ ಪ್ರಶ್ನಿಸಿದರು. 2015ರ ಜುಲೈನಲ್ಲಿ ಮಂಡಳಿ ಆ ನಿಯಮವನ್ನು ತಡೆಹಿಡಿಯಿತು. ಫೆಡರೇಷನ್ 2018ರಲ್ಲಿ ತಂದ ಹೊಸ ನಿಯಮ 400 ಮೀಟರ್‌ನಿಂದ ಒಂದು ಮೈಲಿವರೆಗಿನ ಓಟಗಳಿಗೆ ಸೀಮಿತವಾಗಿದ್ದುದರಿಂದ 100 ಮತ್ತು 200 ಮೀಟರ್ ಓಡುವ ದ್ಯುತಿ ಅದರಾಚೆ ಉಳಿದರು.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಪ್ರಶ್ನಿಸಬಹುದು, ಇತ್ತೀಚೆಗೆ ಪ್ರಶ್ನೆಗಳು ಬಿರುಸಾಗಿಯೂ ಇವೆ. ಬೇರೆಯವರು ನಡೆಸುವ ಸ್ಪರ್ಧೆಯಲ್ಲಿ ಓಡಿದರೆ ನಿಷೇಧ ಎಂಬ ಸ್ಕೇಟಿಂಗ್ ಫೆಡರೇಷನ್ನಿನ ನಿಯಮದ ವಿರುದ್ಧ ಇಬ್ಬರು ಡಚ್ ಸ್ಕೇಟರ್‌ಗಳು ಹೂಡಿದ ಹೋರಾಟ 2023ರ ಡಿಸೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯದಲ್ಲಿ ಗೆದ್ದಿತು; ಅನುಮತಿ ಕೊಡುವ ಅಧಿಕಾರವೂ ಸ್ವಂತ ಕೂಟಗಳ ವ್ಯಾಪಾರವೂ ಒಬ್ಬರ ಕೈಯಲ್ಲೇ ಇದ್ದರೆ ಪಾರದರ್ಶಕ, ನ್ಯಾಯವಾದ ನಿಯಮಗಳಿರಬೇಕು ಎಂಬುದು ತೀರ್ಪಿನ ಸಾರ. ಅದೇ 2018ರ ಹಾರ್ಮೋನ್ ನಿಯಮವನ್ನು ಪ್ರಶ್ನಿಸಿದ ದಕ್ಷಿಣ ಆಫ್ರಿಕಾದ ಓಟಗಾರ್ತಿ ಕ್ಯಾಸ್ಟರ್ ಸೆಮೆನ್ಯಾ ಪ್ರಕರಣದಲ್ಲಿ 2025ರ ಜುಲೈನಲ್ಲಿ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ, ಸ್ವಿಸ್ ನ್ಯಾಯಾಲಯದಲ್ಲಿ ಅವರಿಗೆ ನ್ಯಾಯಯುತ ವಿಚಾರಣೆ ದೊರೆಯಲಿಲ್ಲ ಎಂದಿತು. ಮರು ತಿಂಗಳೇ, ಕ್ರೀಡಾ ನ್ಯಾಯ ಮಂಡಳಿಯ ತೀರ್ಪುಗಳನ್ನು ಯುರೋಪಿಯನ್ ಒಕ್ಕೂಟದ ದೇಶಗಳ ನ್ಯಾಯಾಲಯಗಳು ಪರಿಶೀಲಿಸಲು ಸಾಧ್ಯವಿರಬೇಕೆಂದು ಒಕ್ಕೂಟದ ನ್ಯಾಯಾಲಯ ಹೇಳಿತು.

ಭಾರತದ ದಾರಿ ಬೇರೆ. 2012ರ ಡಿಸೆಂಬರ್‌ನಲ್ಲಿ ಅಮಾನತುಗೊಂಡು ಹದಿನಾಲ್ಕು ತಿಂಗಳು ಹೊರಗುಳಿದ ಭಾರತ ಒಲಿಂಪಿಕ್ ಸಂಸ್ಥೆಯ ಅನುಭವ ಮತ್ತು 2022ರ ಫುಟ್‌ಬಾಲ್ ಪ್ರಸಂಗದ ಬಳಿಕ, 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಜಾಗತಿಕ ಸಂಸ್ಥೆಗಳ ಜೊತೆ ಘರ್ಷಣೆಗೆ ಇಳಿಯದ ಹಾಗೆ ಎಚ್ಚರದಿಂದ ಬರೆದದ್ದು. ರಾಷ್ಟ್ರೀಯ ಫೆಡರೇಷನ್‌ಗಳಿಗೆ ಮಾನ್ಯತೆ ಕೊಡಲು ಒಂದು ಮಂಡಳಿ, ವ್ಯಾಜ್ಯಗಳಿಗೆ ಒಂದು ನ್ಯಾಯಮಂಡಳಿ ಅದರಲ್ಲಿವೆ. ಈ ನ್ಯಾಯಮಂಡಳಿಯ ತೀರ್ಪಿನ ಮೇಲೆ ಸುಪ್ರೀಂ ಕೋರ್ಟ್‌ಗೆ ಮೇಲ್ಮನವಿ ಸಲ್ಲಿಸಬಹುದು. ಅಂತರರಾಷ್ಟ್ರೀಯ ನಿಯಮಾವಳಿ ಲೂಸಾನ್‌ನ ಕ್ರೀಡಾ ನ್ಯಾಯ ಮಂಡಳಿಗೇ ಹೋಗಬೇಕೆಂದು ಹೇಳುವ ಕಡೆ ಅಲ್ಲಿಗೇ ಹೋಗಬೇಕು. ನಿಮ್ಮೂರಿನ ಪೈಲ್ವಾನನಿಗೆ ರಾಷ್ಟ್ರೀಯ ಫೆಡರೇಷನ್ನಿನ ಚುನಾವಣೆಯ ಬಗೆಗೋ ಆಡಳಿತದ ಬಗೆಗೋ ತಕರಾರಿದ್ದರೆ ದೂರು ಕೊಡುವ ಜಾಗ ದೇಶದೊಳಗಿನ ಈ ನ್ಯಾಯಮಂಡಳಿ. ಆದರೆ ಯುನೈಟೆಡ್ ವರ್ಲ್ಡ್ ರೆಸ್ಲಿಂಗ್ ತಾನೇ ನಡೆಸಿದ ಕೂಟದಲ್ಲಿ ವಿಧಿಸಿದ ನಿಷೇಧವನ್ನು ಆತ ಪ್ರಶ್ನಿಸಬೇಕಾದರೆ ಈ ಕಾಯ್ದೆ ನೆರವಿಗೆ ಬರುವುದಿಲ್ಲ. ಲೂಸಾನ್‌ನ ಮಂಡಳಿಗೆ, ಅದರ ಗಡುವಿನೊಳಗೆ, ಅದರ ಶುಲ್ಕ ಕಟ್ಟಿಯೇ ಅರ್ಜಿ ಹಾಕಬೇಕಾಗುತ್ತದೆ.